ಇನ್ನೂ ಓದ್ತಾ ಇದಾನೆ

ಹೋದ ಡಿಸೆಂಬರ್‌ನಲ್ಲಿ ಊರಿಗೆ ಬಂದಿದ್ದೆ. ಬಂಗಾರಪೇಟೆಯಲ್ಲಿ ಸೋದರತ್ತೆಯ ಹೊಸ ಮನೆಯ ಗೃಹಪ್ರವೇಶ. ಎರಡನೇ ಪಂಕ್ತಿಗೆ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಅತ್ತೆ ಬೀಗರ ಕಡೆಯ ಹಿರಿಯರೊಬ್ಬರಿಗೆ ನನ್ನನ್ನು ತೋರಿಸಿ, "ನಮ್ಮಣ್ಣನ ಮಗ, ಜರ್ಮನೀಲಿದಾನೆ. ಇನ್ನೂ ಓದ್ತಾ ಇದಾನೆ" ಅಂದರು. ಆ ಹಿರಿಯರು ನನ್ನ ಕಡೆ ತಿರುಗಿ, "ಅಪ್ಪ ಎಷ್ಟು ದಿನ ಅಂತ ದುಡ್ಡು ಕಳಿಸ್ತಾರಪ್ಪಾ? ಬೇಗ ಒಂದು ಕೆಲಸ ಹಿಡ್ಕೋ" ಅಂದರು.

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೂ ಚುರುಕ್ ಅಂತು. ನನಗೆ 29 ವರ್ಷ. ಮೂರು ವರ್ಷದಿಂದ ಸಾರ್‌ಬ್ರೂಕನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ಮಾಡುತ್ತಿದ್ದೇನೆ. ಅಪ್ಪ ಒಂದು ರೂಪಾಯಿ ಕಳಿಸಿಲ್ಲ. ನಾವು ಊಟಕ್ಕೆ ಕೂತಿದ್ದ ಹಾಲಿನ ಕಿಟಕಿ ಗ್ರಿಲ್ಲಿಗೆ ನನ್ನ ಸಂಬಳದ ದುಡ್ಡೂ ಸೇರಿತ್ತು.

ಸಂಬಳ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಇಲ್ಲಿಗೆ ಬಂದ ಮೊದಲ ವಾರ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕೂರಿಸಿ ನಾಲ್ಕೈದು ಹಾಳೆ ಮುಂದಿಟ್ಟರು. ಅಡ್ಮಿಷನ್ ಫಾರಂ ಅಂದುಕೊಂಡೆ. ಓದಿ ನೋಡಿದರೆ ಅದು ಕೆಲಸದ ಕರಾರು. ವೇತನ ಶ್ರೇಣಿ ಟಿವಿ-ಎಲ್ ಇ13. ಇಲ್ಲಿನ ರಾಜ್ಯ ಸರ್ಕಾರಗಳಲ್ಲಿ ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಸೇರುವವರ ಶ್ರೇಣಿ ಅದು. 2025ರ ಫೆಬ್ರವರಿಯಿಂದ ಅದರ ಮೊದಲ ಹಂತದಲ್ಲೇ ತಿಂಗಳಿಗೆ 4,600 ಯೂರೋಗಿಂತ ಜಾಸ್ತಿ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಹಿಡಿದು ನೂರಕ್ಕೆ 60 ಚಿಲ್ಲರೆ ಕೈಗೆ ಬರುತ್ತದೆ. ವರ್ಷಕ್ಕೆ 30 ದಿನ ರಜೆ.

ಮೊದಲ ಸಂಬಳದ ಚೀಟಿಯನ್ನು ಅಪ್ಪನಿಗೆ ಕಳಿಸಿದ್ದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಜರ್ಮನ್ ಬರದಿದ್ದರೂ ಫೋನಿನಲ್ಲಿ ಒಂದೊಂದೇ ಸಾಲು ಕೇಳಿಸಿಕೊಂಡು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಪಿಂಚಣಿ ಅನ್ನುವ ಸಾಲಿಗೆ ಬಂದಾಗ ನಿಂತರು. "ಓದೋ ಹುಡುಗನಿಗೆ ಪಿಂಚಣಿ ಹಿಡೀತಾರೇನೋ?" ಅಂತ ಎರಡು ಸಲ ಕೇಳಿದರು. ಆ ಹಾಳೆಯನ್ನು ತಮ್ಮ ಸರ್ವಿಸ್ ರಿಜಿಸ್ಟರ್ ಪ್ರತಿ ಇರುವ ಫೈಲಿನಲ್ಲೇ ಇಟ್ಟಿದ್ದಾರೆ.

ನನ್ನ ಜೊತೆ ಎಂ.ಟೆಕ್ ಓದಿದ ಗೆಳತಿಯೊಬ್ಬಳು ನಮ್ಮ ದೇಶದಲ್ಲೇ ಪಿಎಚ್‌ಡಿಗೆ ಸೇರಿದಳು. ನನಗಿಂತ ಎಷ್ಟೋ ಪಾಲು ಚುರುಕು. ಸಂಶೋಧನೆ ಮಾಡುವವರಿಗೆ ತಿಂಗಳು ತಿಂಗಳು ಕೊಡುವ ಫೆಲೋಶಿಪ್ ಅವಳಿಗೆ ಒಂದು ಸಲ ಏಳು ತಿಂಗಳು ಬರಲೇ ಇಲ್ಲ. ಗೈಡ್ ಸಹಿ, ವಿಭಾಗದ ಸಹಿ, ಸೆಕ್ಷನ್ನಿನಲ್ಲಿ "ಮೇಡಂ, ನಾಳೆ ಬನ್ನಿ". ಹಾಸ್ಟೆಲ್ ಮೆಸ್ ಬಿಲ್ಲನ್ನು ತಂಗಿಯ ಹತ್ತಿರ ಸಾಲ ತಗೊಂಡು ಕಟ್ಟಿದಳು. ಜೋರಾಗಿ ಯಾಕೆ ಕೇಳಲಿಲ್ಲ ಅಂದರೆ, "ಕೊಡ್ತಾ ಇರೋದೇ ದೊಡ್ಡದು ಅಂತಾರೆ ಕಣೋ" ಅಂದಳು. ನನಗೆ ಇಂದಿಗೂ ಸಿಟ್ಟು ತರಿಸುವುದು ಆ ಮಾತು. ನೌಕರಳು ಅಂತ ಕರೆದಿದ್ದರೆ ಒಂದನೇ ತಾರೀಕು ಸಂಬಳ ಬರಲಿಲ್ಲ ಅಂತ ಕೇಳುವ ಗಂಟಲು ಅವಳಿಗೆ ಇರುತ್ತಿತ್ತು. ವಿದ್ಯಾರ್ಥಿ ಅಂತ ಕರೆದದ್ದರಿಂದ ಕೈಚಾಚಿ ನಿಲ್ಲಬೇಕಾಯಿತು.

ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲೂ ಹೆಚ್ಚಿನ ಪಿಎಚ್‌ಡಿ ಜಾಗಗಳು ಹೀಗೇ, ಸಂಬಳದ ಕೆಲಸ. ಜಾಗ ಖಾಲಿ ಇದೆ ಅಂತ ಜಾಹೀರಾತು ಹಾಕುತ್ತಾರೆ, ನಾವು ಅರ್ಜಿ ಹಾಕುತ್ತೇವೆ, ಸಂದರ್ಶನ ಮಾಡುತ್ತಾರೆ. ಮಾಸ್ಟರ್ಸ್ ಇಲ್ಲದವರಿಗೂ ದಾರಿ ಇದೆ. ಇಲ್ಲಿನ ಮ್ಯಾಕ್ಸ್ ಪ್ಲ್ಯಾಂಕ್ ಸಂಶೋಧನಾ ಸಂಸ್ಥೆಗಳು ನಡೆಸುವ ಸಿಎಸ್ ಮ್ಯಾಕ್ಸ್ ಪ್ಲ್ಯಾಂಕ್ ಅನ್ನುವ ಡಾಕ್ಟರೇಟ್ ಕಾರ್ಯಕ್ರಮಕ್ಕೆ ಬಿ.ಇ. ಮುಗಿಸಿದವರೂ ನೇರವಾಗಿ ಅರ್ಜಿ ಹಾಕಬಹುದು, ಆಯ್ಕೆಯಾದರೆ ಖರ್ಚು ಪೂರ್ತಿ ಅವರದು. ಮಾಸ್ಟರ್ಸ್ ಮಾತ್ರ ಸಾಕು ಅನ್ನುವವರಿಗೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಇದೆ. ವಿದ್ಯಾರ್ಥಿವೇತನ ಸಿಕ್ಕರೆ ಫೀಸಿಲ್ಲ, ತಿಂಗಳಿಗೆ 1,400 ಯೂರೋ ಕೈಗೆ, ಎರಡು ವರ್ಷದ ತನಕ.

ಇದನ್ನೆಲ್ಲ ಯಾರೂ ಮುಚ್ಚಿಟ್ಟಿಲ್ಲ. ಆದರೂ ನಮ್ಮ ಕಡೆಯ ಮಕ್ಕಳಿಗೆ ತಲುಪುವುದಿಲ್ಲ. ಓದು ಅಂದರೆ ಖರ್ಚು ಅಂತ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಸಾಲ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇವೆ. ಸಂಬಳ ಕೊಟ್ಟು ಓದಿಸುವವರು ಯಾರು ಅಂತ ಕೇಳಬೇಕು ಅನ್ನುವುದೇ ಹೊಳೆಯುವುದಿಲ್ಲ.

ಅದೇ ರಜೆಯಲ್ಲಿ ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ಬಿ.ಇ. ಕೊನೇ ವರ್ಷ. ಕನ್ಸಲ್ಟೆನ್ಸಿಯವರು ಜರ್ಮನಿಯ ಒಂದು ಖಾಸಗಿ ಕಾಲೇಜಿನ ಹೆಸರು ಹೇಳಿದ್ದರು. 20 ಲಕ್ಷ ಸಾಲ, ಸೈಟು ಅಡಮಾನ. ಸಹಿ ಹಾಕುವುದು ಒಂದೇ ಬಾಕಿ. ನಾನು ಹೇಳಿದೆ: ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಅದೂ ನಿಮ್ಮ ಸಾಲದ ಮುಂದೆ ಸಣ್ಣದು. ಮೊದಲು ಸಂಬಳದ ಜಾಗಗಳಿಗೆ ಅರ್ಜಿ ಹಾಕಲಿ, ಸಾಲ ಕೊನೆಗೆ ನೋಡೋಣ.

ಆ ತಂದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, "ಪುಕ್ಕಟೆ ಕೊಡೋ ಓದು ಚೆನ್ನಾಗಿರುತ್ತಾ ಸಾರ್?" ಅಂದರು.

ಆ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. ನಾನಿರುವ ಸಾರ್‌ಲ್ಯಾಂಡ್ ಕಲ್ಲಿದ್ದಲಿನ ನಾಡು. ಕೊನೆಯ ಗಣಿ ಮುಚ್ಚಿದ್ದು 2012ರಲ್ಲಿ. ಅದಕ್ಕೆ 20 ವರ್ಷಕ್ಕೂ ಮೊದಲೇ ಇಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರ ಬಂತು, ಮ್ಯಾಕ್ಸ್ ಪ್ಲ್ಯಾಂಕ್‌ನ ಕಂಪ್ಯೂಟರ್ ಸಂಸ್ಥೆ ಬಂತು. ಎನ್ಸ್‌ಡಾರ್ಫ್‌ನಲ್ಲಿ ಗಣಿ ಮಣ್ಣಿನ ದೊಡ್ಡ ಗುಡ್ಡವಿದೆ. ಒಂದು ಸಂಜೆ ಹತ್ತಿದ್ದೆ. ಮೇಲೆ ನಿಂತಾಗ ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬ, ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡೆ, ಕಣ್ಣಿಗೆ ಬಂತು, ಗಾಳಿಗೆ ಆ ಬೂದು ಮಣ್ಣು ಎದ್ದು ಬರುವುದು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಮಕ್ಕಳು ಇವತ್ತಿಗೂ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಅದೇ ರೈಲಿನಲ್ಲಿ ಬರುತ್ತಾರೆ. ಆ ಊರಲ್ಲೇ ಕೂತು ಸಂಶೋಧನೆ ಮಾಡು, ಸಂಬಳ ನಾವು ಕೊಡುತ್ತೇವೆ ಅಂತ ಅವರಿಗೆ ಯಾರು ಹೇಳಿದರು?

ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಕರಾರು ಎರಡು ಮೂರು ವರ್ಷದ್ದು, ಮುಗಿಯುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ. ಪಿಎಚ್‌ಡಿಗೆ ಮುಂಚೆ ಇಂಥ ಕರಾರಿನಲ್ಲಿ ಹೆಚ್ಚೆಂದರೆ ಆರು ವರ್ಷ ಅಂತ ಕಾನೂನಿದೆ. ಬೇರೆ ವಿಷಯದವರಿಗೆ ಎಷ್ಟೋ ಸಲ ಅರ್ಧ ಸಂಬಳದ ಜಾಗವೇ ಸಿಗುವುದು. ಗೈಡ್, ಬಾಸ್, ಪರೀಕ್ಷಕ ಮೂರೂ ಒಬ್ಬರೇ. ಅವರ ಜೊತೆ ಮನಸ್ತಾಪ ಬಂದರೆ ಹೋಗಲು ಜಾಗವಿಲ್ಲ. ಫೀಸಿಲ್ಲದ ಮಾಸ್ಟರ್ಸ್‌ಗೂ ವೀಸಾಕ್ಕೆ ಮೊದಲು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿಗೆ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಹಾಕಿ ತೋರಿಸಬೇಕು. ಮಾವಿನ ತೋಟದವರಿಗೆ ಅದೇನು ಸಣ್ಣ ದುಡ್ಡಲ್ಲ. ನಮ್ಮಲ್ಲೂ 2023ರಿಂದ ಪಿಎಚ್‌ಡಿಯವರ ಜೂನಿಯರ್ ಫೆಲೋಶಿಪ್ ತಿಂಗಳಿಗೆ 31,000ದಿಂದ 37,000 ರೂಪಾಯಿ ಆಗಿದೆ, ಒಪ್ಪಿಕೊಳ್ಳುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಎಂ.ಟೆಕ್‌ನಲ್ಲಿ ತಿಂಗಳಿಗೆ 12,400 ಕೊಟ್ಟು ನನ್ನನ್ನು ಓದಿಸಿದ್ದು ನಮ್ಮ ಸರ್ಕಾರವೇ. ಹಾಸ್ಟೆಲ್ ಮೆಸ್ ಮುಚ್ಚಿದ ದಸರಾ ರಜೆಯ ಒಂದು ಭಾನುವಾರ ನಮ್ಮ ಮೇಷ್ಟ್ರು ನನ್ನನ್ನು ಮನೆಗೆ ಕರೆದರು. ಮುದ್ದೆ, ಬಸ್ಸಾರು ಹಾಕಿದರು. ಊಟ ಆದಮೇಲೆ ವರಾಂಡದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗ್ರಾಫ್ ಬರೆದು ಸಂಜೆ ಆರರ ತನಕ ಒಂದೇ ಪ್ರೂಫ್ ಹೇಳಿಕೊಟ್ಟರು. ಆ ಭಾನುವಾರಕ್ಕೆ ಅವರಿಗೆ ಯಾರೂ ಸಂಬಳ ಕೊಡಲಿಲ್ಲ. ಇಲ್ಲಿ ಸಂದರ್ಶನದಲ್ಲಿ ನನ್ನನ್ನು ಕೈಹಿಡಿದದ್ದು ಅದೇ ಪ್ರೂಫ್. ಇಲ್ಲಿನ ಪ್ರೊಫೆಸರ್ ಒಳ್ಳೆಯವರು, ನ್ಯಾಯಸ್ಥರು. ಮೂರು ವರ್ಷದಲ್ಲಿ ಅವರ ಮನೆ ಯಾವ ಬೀದಿಯಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ.

ಶ್ರೀನಿವಾಸಪುರದ ಹುಡುಗ ಹೋದ ವಾರ ಒಬ್ಬ ಪ್ರೊಫೆಸರಿಗೆ ಬರೆದ ಪತ್ರ ನನಗೆ ಕಳಿಸಿದ್ದ. ತಂದೆ ಬಡ ರೈತರು, ತಾವು ದಯೆ ತೋರಿ ಒಂದು ಅವಕಾಶ ಕೊಟ್ಟರೆ ಜೀವನಪೂರ್ತಿ ಋಣಿ ಅಂತ ಅರ್ಧ ಪುಟ. ಕೊನೆಯಲ್ಲಿ ಒಂದೇ ಸಾಲು, ಅವರ ಒಂದು ಪೇಪರಿನ ಕೋಡ್ ಓಡಿಸಿ ನೋಡಿದೆ, ದೊಡ್ಡ ಡೇಟಾ ಕೊಟ್ಟಾಗ ನಿಂತುಹೋಗುತ್ತದೆ ಅಂತ. ಫೋನ್ ಮಾಡಿ, "ಮೇಲಿನ ಅರ್ಧ ಪುಟ ತೆಗಿಯಪ್ಪಾ, ಆ ಕೊನೇ ಸಾಲಿಂದ ಶುರು ಮಾಡು" ಅಂದೆ. "ಮರ್ಯಾದೆ ಕಮ್ಮಿ ಆಗಲ್ವಾ ಅಣ್ಣಾ?" ಅಂತ ಕೇಳಿದ. ಆಗಲ್ಲ ಅಂದೆ. ನಿನ್ನೆ ರಾತ್ರಿ ತಿದ್ದಿ ಕಳಿಸಿದ್ದಾನೆ.