ಎತ್ತು ಈಯಿತು, ಷೇರು ಏರಿತು

2018ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವಿವರ್ಕ್ ಕಂಪನಿ ಬಾಂಡ್ ಹೊರಡಿಸಿ ಸಾಲ ಎತ್ತಲು ಹೊರಟಿತು. ಅದರ ಕಸುಬು ಸರಳ. ದೊಡ್ಡ ಕಟ್ಟಡವನ್ನು ವರ್ಷಗಟ್ಟಲೆಗೆ ಬಾಡಿಗೆ ಹಿಡಿಯುವುದು, ಮೇಜು ಕುರ್ಚಿ ಹಾಕಿ ಬಿಡಿಬಿಡಿಯಾಗಿ ಮರುಬಾಡಿಗೆಗೆ ಕೊಡುವುದು. ಬೆಂಗಳೂರಿನ ಮಾರತ್‌ಹಳ್ಳಿಯಲ್ಲಿ ಇದಕ್ಕೆ ಪಿ.ಜಿ. ನಡೆಸುವುದು ಅನ್ನುತ್ತಾರೆ, ಅಮೆರಿಕದಲ್ಲಿ ಟೆಕ್ನಾಲಜಿ ಅಂದರು.

2017ರಲ್ಲಿ ಅದರ ಆದಾಯ 88.6 ಕೋಟಿ ಡಾಲರ್, ನಷ್ಟ 93.3 ಕೋಟಿ ಡಾಲರ್. ಇಂಥ ಲೆಕ್ಕ ಹಿಡಿದು ಸಾಲ ಕೇಳಲು ನಿಮಗೂ ನನಗೂ ನಾಚಿಕೆಯಾದೀತು. ಅವರಿಗೆ ಆಗಲಿಲ್ಲ. ಮೊದಲು ಬಡ್ಡಿ, ತೆರಿಗೆ, ಸವಕಳಿ ಮುಂತಾದವನ್ನು ಪಕ್ಕಕ್ಕೆ ಸರಿಸಿದರು, ನಷ್ಟ 19.3 ಕೋಟಿಗೆ ಇಳಿಯಿತು. ಛೆ, ಇನ್ನೂ ನಷ್ಟವೇ! ಹಾಗಾದರೆ ಮಾರ್ಕೆಟಿಂಗ್ ಖರ್ಚೂ ಬೇಡ, ಆಡಳಿತದ ಖರ್ಚೂ ಬೇಡ, ವಿನ್ಯಾಸದ್ದೂ ಬೇಡ. ಈಗ ನೋಡಿ, 23.3 ಕೋಟಿ ಡಾಲರ್ ಲಾಭ. ಹೆಸರು 'ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್ಡಾ'. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬ ನಮ್ಮ ಬಸ್ಸಿನ ಸೀಟಿನ ಮಾತಿಗೆ ವಾಲ್ ಸ್ಟ್ರೀಟಿನಲ್ಲಿ ಇಷ್ಟು ಬೆಲೆಯಿದೆಯೆಂದು ಯಾರಿಗೆ ಗೊತ್ತಿತ್ತು!

ನಮ್ಮ ಪಿ.ಜಿ. ಮಾಲೀಕ ಬ್ಯಾಂಕಿಗೆ ಹೋಗಿ, 'ಸಾರ್, ಮ್ಯಾನೇಜರ್ ಸಂಬಳ, ಬೋರ್ಡು, ಪಾಂಪ್ಲೆಟ್ಟು, ಪಕ್ಕದ ಬೀದಿಯ ಹೊಸ ಬ್ರಾಂಚಿನ ಸುಣ್ಣಬಣ್ಣ ಇದ್ಯಾವುದನ್ನೂ ಲೆಕ್ಕಕ್ಕೆ ಹಿಡೀಬೇಡಿ, ಆಮೇಲೆ ನೋಡಿ ನನ್ನ ಲಾಭ' ಅಂದರೆ ಸೆಕ್ಯೂರಿಟಿಯವನನ್ನು ಕರೆಯುತ್ತಾರೆ. ವಿವರ್ಕ್ ಕೇಳಿದ್ದು 50 ಕೋಟಿ ಡಾಲರ್, ಹೂಡಿಕೆದಾರರು 70.2 ಕೋಟಿ ಕೊಟ್ಟು ಕಳಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕೇಳಿದ್ದೆವು. ಇವರು ಗಿಣ್ಣಿಗೂ ಮುಂಗಡ ಕೊಟ್ಟರು. 2019ರ ಜನವರಿಯಲ್ಲಿ ಕಂಪನಿಯ ಬೆಲೆ 4,700 ಕೋಟಿ ಡಾಲರ್ ಎಂದಾಯಿತು. ಅದೇ ವರ್ಷ ಷೇರುಪೇಟೆಗೆ ಬರಲು ಅರ್ಜಿ ಹಾಕಿ ಹಿಂದಕ್ಕೆ ಪಡೆದರು. 2023ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ. ಅದಕ್ಕೆ ಮಾತ್ರ ಕಮ್ಯುನಿಟಿಯವರಾರೂ ಬರಲಿಲ್ಲ.

ವಿವರ್ಕನ್ನೇ ಬೈದು ಪ್ರಯೋಜನವಿಲ್ಲ, ಅದಕ್ಕೂ ಗುರುಗಳಿದ್ದರು. ಕೂಪನ್ ಮಾರುತ್ತಿದ್ದ ಗ್ರೂಪಾನ್ 2010ರಲ್ಲಿ ಸುಮಾರು 42 ಕೋಟಿ ಡಾಲರ್ ಕಾರ್ಯಾಚರಣೆ ನಷ್ಟ ಮಾಡಿತ್ತು. ಗಿರಾಕಿಗಳನ್ನು ಹಿಡಿದು ತರುವ ಜಾಹೀರಾತು ಖರ್ಚನ್ನೂ ಇನ್ನಷ್ಟನ್ನೂ ಬಿಟ್ಟು ಅದನ್ನೇ 6 ಕೋಟಿ ಲಾಭ ಮಾಡಿ ತೋರಿಸಿತು. ಅಮೆರಿಕದ ನಿಯಂತ್ರಕರು ಆಕ್ಷೇಪಿಸಿದ ಮೇಲೆ ಆ ಅಂಕಿಯನ್ನು ಕೈಬಿಟ್ಟಿತು. ನಿಜವಾದ ನಷ್ಟ ಕಣ್ಣೆದುರಿಗೆ ಬಂದ ಮೇಲಾದರೂ ಜನ ಹಿಂಜರಿದರೇ? 2011ರ ನವೆಂಬರ್‌ನಲ್ಲಿ 20 ಡಾಲರಿಗೆ ಪೇಟೆಗೆ ಬಂದ ಅದರ ಷೇರು ಮೊದಲ ದಿನವೇ 26 ದಾಟಿ ಮುಗಿಯಿತು. ಅಂದರೆ ಅಷ್ಟು ಕಷ್ಟಪಟ್ಟು ಸುಳ್ಳು ಹೊಸೆಯುವ ಅಗತ್ಯವೂ ಇರಲಿಲ್ಲ.

ಈ ವಿದ್ಯೆಯಲ್ಲಿ ನಾವೇನೂ ಹಿಂದುಳಿದಿಲ್ಲ. ಪೇಟಿಎಂ 2022ರ ಡಿಸೆಂಬರ್ ತ್ರೈಮಾಸಿಕದಲ್ಲಿ ಕಾರ್ಯಾಚರಣೆ ಲಾಭ ಬಂತೆಂದು ಸಂಭ್ರಮಿಸಿತು: 31 ಕೋಟಿ ರೂಪಾಯಿ, ನೌಕರರಿಗೆ ಕೊಟ್ಟ ಷೇರುಗಳ ವೆಚ್ಚವನ್ನು ಬಿಟ್ಟು. ಅದೇ ತ್ರೈಮಾಸಿಕದ ನಿವ್ವಳ ನಷ್ಟ 392 ಕೋಟಿ. ಷೇರು ಕೊಟ್ಟರೆ ಅದು ಸಂಬಳವಲ್ಲವಂತೆ. ನೌಕರಿಗೆ ಕರೆಯುವಾಗ ಮಾತ್ರ ಆಫರ್ ಲೆಟರಿನಲ್ಲಿ ಅದನ್ನೂ ಸೇರಿಸಿಯೇ ಕೂಡುತ್ತಾರೆ.

ಎಬಿಟ್ಡಾ ಎಂಬ ಈ ಅಳತೆಗೆ ಅಮೆರಿಕದ ಹೆಸರಾಂತ ಹೂಡಿಕೆದಾರ ಚಾರ್ಲಿ ಮಂಗರ್ ಒಂದು ಹೆಸರಿಟ್ಟಿದ್ದರು. ಮರ್ಯಾದಸ್ಥರ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಆದರೂ ವಿಶ್ಲೇಷಕರು ನಿರೀಕ್ಷೆ ಕಟ್ಟುವುದು ಬಹುಪಾಲು ಇಂಥ ಅಂಕಿಯ ಮೇಲೆಯೇ. 'ನಿರೀಕ್ಷೆ ಮೀರಿದ ಫಲಿತಾಂಶ' ಎಂದು ಟಿವಿಯವರು ಕೂಗುವುದೂ ಅದನ್ನು ಹಿಡಿದೇ. ಎಷ್ಟೋ ಕಡೆ ಸಿಇಒ ಬೋನಸ್ ತೂಗುವ ತಕ್ಕಡಿಯೂ ಅದೇ. ಬೋನಸ್ ಮಾತ್ರ ಅಡ್ಜಸ್ಟ್ ಆಗದ ಅಸಲಿ ದುಡ್ಡಿನಲ್ಲಿ.

ಕಾನೂನಿಲ್ಲ ಎಂದಲ್ಲ. ಇಂಥ ಅಂಕಿ ಹೇಳಿದರೆ ಅಧಿಕೃತ ಲೆಕ್ಕಕ್ಕೆ ತಾಳೆ ಹಾಕಿ ತೋರಿಸಬೇಕು ಎಂಬ ನಿಯಮ ಅಮೆರಿಕದಲ್ಲಿ 2003ರಿಂದಲೇ ಇದೆ. ತೋರಿಸುತ್ತಾರೆ, ಕೊನೆಯ ಪುಟಗಳಲ್ಲಿ. ಓದುವ ತಾಳ್ಮೆಯಿದ್ದವರು ಮೊದಲ ಪುಟಕ್ಕೇ ಷೇರು ಕೊಂಡುಬಿಟ್ಟಿರುವುದಿಲ್ಲವಲ್ಲ! ಇನ್ನು 2027ರ ಜನವರಿಯಿಂದ ಐಎಫ್‌ಆರ್‌ಎಸ್ 18 ಎಂಬ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬರುತ್ತದೆ. ಆಡಳಿತ ಮಂಡಳಿ ತಾನೇ ಹುಟ್ಟಿಸಿದ ಲಾಭದ ಅಳತೆಗಳನ್ನು ಟಿಪ್ಪಣಿಯಲ್ಲಿ ವಿವರಿಸಿ, ಲೆಕ್ಕಪರಿಶೋಧಕರ ಮುಂದಿಡಬೇಕು. ಕೂಡಿದ್ದು ಕಳೆದದ್ದು ಸರಿಯಿದೆಯೇ ಎಂದು ಅವರು ನೋಡುತ್ತಾರೆ. ಕಳೆಯಬೇಕಾದ್ದನ್ನು ಕಳೆಯದೆ ಬಿಟ್ಟದ್ದೇಕೆ ಎಂದು ಕೇಳಬೇಕಾದವರು ಷೇರುದಾರರು. ಅವರು ಸದ್ಯ ಮುಂದಿನ ಐಪಿಒ ಅರ್ಜಿ ತುಂಬುತ್ತಿದ್ದಾರೆ.