ಬೂದಿ ಸಿಮೆಂಟಿನ ಮೇಲೆ ಯಾಕಿಷ್ಟು ಸಿಟ್ಟು?

ಪುಣೆಯ ವಾಕಡ್, ಮೋಶಿ, ಹಿಂಜವಡಿ ಕಡೆಯ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಗೌಂಡಿಗಳು ಸಿಕ್ಕೇ ಸಿಗುತ್ತಾರೆ. ಸಿಮೆಂಟಿನ ಮಾತು ತೆಗೆದರೆ ಸಾಕು, "ಬೂದಿ ಸಿಮೆಂಟ್ ಬ್ಯಾಡ್ರೀ ಸಾಹೇಬ್ರ, ಅದಕ್ಕ ತಾಕತ್ತಿಲ್ಲ" ಅನ್ನುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಇನ್ನರ್ಧ ತಪ್ಪು ನಮ್ಮ ಅವಸರದ್ದು.

ಬೂದಿ ಸಿಮೆಂಟಿಗೆ ಚೀಲದ ಮೇಲಿನ ಹೆಸರು ಪಿಪಿಸಿ. 50 ಕೆಜಿಯ ಒಂದು ಚೀಲ ತಗೊಳ್ಳಿ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಿಂದ ಬರುವ ಹಾರುಬೂದಿ ಶೇ. 30 ಇದ್ದರೆ ಅದು 15 ಕೆಜಿ. ಜಿಪ್ಸಂ ಸುಮಾರು 2 ಕೆಜಿ. ಮಿಕ್ಕಿದ್ದು ಕ್ಲಿಂಕರ್, ಅಂದರೆ ಸುಣ್ಣದ ಕಲ್ಲು ಸುಟ್ಟು ಮಾಡಿದ ಸಿಮೆಂಟಿನ ಮೂಲ ಗಟ್ಟಿ. ಭಾರತೀಯ ಮಾನಕ ಐಎಸ್ 1489ರ ಪ್ರಕಾರ ಬೂದಿ ಶೇ. 15ರಿಂದ 35ರವರೆಗೆ ಇರಬಹುದು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಶುದ್ಧ ಸುಣ್ಣದ ಕಲ್ಲು ಒಂದು ಟನ್ ಸುಟ್ಟರೆ 440 ಕೆಜಿ ಇಂಗಾಲದ ಡೈಆಕ್ಸೈಡ್ ಕಲ್ಲಿನೊಳಗಿಂದಲೇ ಹೊರಬರುತ್ತದೆ. ಕಲ್ಲಿದ್ದಲಿನ ಹೊಗೆ ಬೇರೆ. ಗೂಡಿಗೆ ಸೋಲಾರ್ ಕೂಡಿಸಿದರೂ ಈ 440 ತಪ್ಪುವುದಿಲ್ಲ. ತಪ್ಪಿಸಬೇಕಾದರೆ ಕ್ಲಿಂಕರನ್ನೇ ಕಡಿಮೆ ಹಾಕಬೇಕು, ಆ ಜಾಗ ತುಂಬುವುದು ಬೂದಿ.

ಕ್ಲಿಂಕರ್ ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣ ಬಿಡುತ್ತದೆ. ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣದ ಜೊತೆ ಸೇರಿ ಮತ್ತಷ್ಟು ಅಂಟು ಕಟ್ಟುತ್ತದೆ. ಅಂದರೆ ಕ್ಲಿಂಕರ್ ಮೊದಲು ಕೆಲಸ ಶುರು ಮಾಡಬೇಕು, ಬೂದಿಯದ್ದು ಆಮೇಲೆ. ಅದಕ್ಕೇ ಪಿಪಿಸಿಗೆ 3, 7, 28ನೇ ದಿನಕ್ಕೆ ಮಾನಕ ಕೇಳುವ ತಾಕತ್ತು ಕನಿಷ್ಠ 16, 22, 33 ಮೆಗಾಪಾಸ್ಕಲ್; ಬೂದಿ ಬೆರೆಸದ ಸಾದಾ ಸಿಮೆಂಟಾದ 53 ಗ್ರೇಡ್ ಓಪಿಸಿಗೆ 27, 37, 53. ಬೂದಿಯ ಕೆಲಸ 28ಕ್ಕೆ ನಿಲ್ಲುವುದಿಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ಒಳಗೆ ತೇವ ಇದ್ದರೆ ಮಾತ್ರ.

ಸೈಟಿನಲ್ಲಿ ಎಡವಟ್ಟಾಗುವುದು ಇಲ್ಲೇ. ಕಾಂಕ್ರೀಟಿನ ಮಾನಕ ಐಎಸ್ 456 ಓಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್ (ನೀರುಣಿಸಿ ತೇವ ಇಡುವುದು) ಅನ್ನುತ್ತದೆ, ಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತದ್ದಕ್ಕೆ 10. ಬೆರೆತದ್ದಕ್ಕೆ ಅದನ್ನು 14ಕ್ಕೆ ಏರಿಸಿದರೆ ಒಳ್ಳೆಯದು ಅನ್ನುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ತರಿಸುವ ಪುಣೆಯಲ್ಲಿ ನಾಲ್ಕನೇ ದಿನಕ್ಕೇ ಪೈಪು ಸುತ್ತಿ ಇಡುತ್ತಾರೆ. ಸ್ಲ್ಯಾಬಿನ ಮೇಲೆ ಗಾರೆಯ ಬದು ಕಟ್ಟಿ ನೀರು ನಿಲ್ಲಿಸುವುದೇನೋ ಉಂಟು, ಕಾಲಮ್ಮಿಗೆ ಸುತ್ತಿದ ಗೋಣಿತಟ್ಟು ಮಾತ್ರ ಮಧ್ಯಾಹ್ನಕ್ಕೆ ಒಣಗಿ ಗರಿಗರಿ. ಸೆಂಟ್ರಿಂಗ್ ಬಿಚ್ಚುವುದರಲ್ಲೂ ಅದೇ ಕಥೆ: 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಕೆಳಗಿನ ಆಧಾರ 7 ದಿನ ಇರಬೇಕು ಅನ್ನುವ ಲೆಕ್ಕ ಓಪಿಸಿಯದ್ದು. ಪಿಪಿಸಿ ಹಾಕಿ ಅದೇ ದಿನಕ್ಕೆ ಬಿಚ್ಚಿದರೆ ಬಾಗುತ್ತದೆ, ಬಿರುಕು ಬಿಡುತ್ತದೆ. ಬೈಗುಳ ಬೂದಿಗೆ.

ಎಲ್ಲ ಬೂದಿಯೂ ಒಂದೇ ಅಲ್ಲ, ಅದನ್ನೂ ಹೇಳಬೇಕು. ಸಿಮೆಂಟಿಗೆ ಬೇಕಾದದ್ದು ಸ್ಥಾವರದ ಚಿಮಣಿಗೆ ಹೋಗುವ ಮುಂಚೆ ಇಎಸ್‌ಪಿಯಲ್ಲಿ (ವಿದ್ಯುತ್ತಿನಿಂದ ಧೂಳು ಹಿಡಿಯುವ ಯಂತ್ರ) ಹಿಡಿದ ಒಣ ಬೂದಿ. ಅದು ಬಲ್ಕರಿನಲ್ಲಿ, ಅಂದರೆ ಮುಚ್ಚಿದ ಟ್ಯಾಂಕ್ ಲಾರಿಯಲ್ಲಿ ಬರುತ್ತದೆ. ಹೊಂಡಕ್ಕೆ ಬಿಟ್ಟ ಬೂದಿ ಒದ್ದೆ, ದಪ್ಪ, ಇಟ್ಟಿಗೆಗೋ ರಸ್ತೆಗೋ ಸರಿ. ಒಣ ಬೂದಿಯಲ್ಲೂ ಸುಡದೆ ಉಳಿದ ಇಂಗಾಲ ನೋಡಬೇಕು. ಸುಟ್ಟಾಗ ಕಳೆಯುವ ತೂಕ ಶೇ. 5 ದಾಟಬಾರದು. ಹೆಚ್ಚಾದರೆ ಆ ಇಂಗಾಲ ಕಾಂಕ್ರೀಟು ಸಡಿಲವಾಗಿರಲು ಹಾಕುವ ಅಡ್ಮಿಕ್ಸ್ಚರ್ ರಾಸಾಯನಿಕವನ್ನು ಹೀರಿಬಿಡುತ್ತದೆ, ಕಾಂಕ್ರೀಟು ಬಿಗಿಯಾಗುತ್ತದೆ, ಸೈಟಿನವರು ಮೆಲ್ಲಗೆ ನೀರು ಸುರಿಯುತ್ತಾರೆ. ತಾಕತ್ತು ಹೋಗುವುದು ಆ ನೀರಿನಿಂದ. ಇನ್ನೊಂದು ಕಿತಾಪತಿ, ಪಿಪಿಸಿಗೆ ಮತ್ತೆ ಬೂದಿ ಬೆರೆಸುವುದು. ರೆಡಿಮಿಕ್ಸ್ ಘಟಕದಲ್ಲಿ ಬೂದಿ ಬೇರೆ ತೂಗಿ ಹಾಕುವುದಿದ್ದರೆ ಸಿಮೆಂಟು ಓಪಿಸಿ ಆಗಿರಬೇಕು.

ಸ್ಲ್ಯಾಗಿನದ್ದು ಒಂದೇ ಮಾತು: ಕುದಿಯುವ ಸ್ಲ್ಯಾಗಿಗೆ ರಭಸದಿಂದ ನೀರು ಹೊಡೆದು ಗಾಜಿನ ಹರಳಾಗಿಸಿದ್ದಷ್ಟೇ ಸಿಮೆಂಟಿಗೆ ಆದೀತು. ತಾನಾಗಿ ಆರಿದ್ದು ಬರೀ ಖಡಿ. ಸ್ಲ್ಯಾಗು ಕ್ಲಿಂಕರಿಗಿಂತ ಗಟ್ಟಿ, ಜೊತೆಗೆ ಅರೆದರೆ ಅದು ದಪ್ಪವಾಗೇ ಉಳಿಯುತ್ತದೆ; ಬೇರೆ ಅರೆಯುವುದು ಲೇಸು.

ಇನ್ನು ಪುಣೆ ಹತ್ತಿರದ ಚಾಕಣದ ವಾಹನ ಕಾರ್ಖಾನೆಗಳ ಪೇಂಟ್ ಸ್ಲಡ್ಜ್, ಅಂದರೆ ಬಣ್ಣದ ಕೆಸರು. ಬೂದಿಯ ಹಾಗೆ ಇದೂ ಸಿಮೆಂಟಿಗೆ ಹೋಗುವ ಕಸ, ಆದರೆ ಚೀಲಕ್ಕಲ್ಲ, ಕ್ಲಿಂಕರ್ ಸುಡುವ ಗೂಡಿಗೆ, ಅಂದರೆ ಕಿಲ್ನ್‌ಗೆ. ಪುಣೆಯ ಸುತ್ತ ಬಸಾಲ್ಟು, ಸುಣ್ಣದ ಕಲ್ಲಿಲ್ಲ, ಹಾಗಾಗಿ ಅದು ಚಂದ್ರಪುರಕ್ಕೋ ನಮ್ಮ ಕಲಬುರಗಿ ಕಡೆಯ ಕಿಲ್ನ್‌ಗೋ ಲಾರಿ ಹತ್ತಬೇಕು. ಸಾಗಿಸಲು 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಬೇಕು. ಕಿಲ್ನ್‌ನಲ್ಲಿ ಜ್ವಾಲೆ 2000 ಡಿಗ್ರಿಯ ಆಸುಪಾಸು, ಕ್ಲಿಂಕರ್ 1450. ಸ್ಲಡ್ಜಿನ ಬೂದಿ ಕ್ಲಿಂಕರಿನಲ್ಲೇ ಸೇರಿಹೋಗುವುದರಿಂದ ಹೂಳಲು ಏನೂ ಉಳಿಯುವುದಿಲ್ಲ. ಸಾಮಾನ್ಯ ಭಸ್ಮೀಕರಣಕ್ಕಿಂತ ಇದನ್ನೇ ನಾನು ಒಪ್ಪುವುದು ಈ ಕಾರಣಕ್ಕೆ. ಆದರೆ ಡ್ರಮ್ಮಿನೊಳಗೆ ಪಿವಿಸಿ ತುಂಡು, ಕೈಗವಸು, ದ್ರಾವಕ ಎಲ್ಲ ತುರುಕಿ ಕಳಿಸಿದರೆ ಕ್ಲೋರಿನ್ ಹೆಚ್ಚುತ್ತದೆ. ಅದು ಕಿಲ್ನ್‌ನ ಬಿಸಿ ತುದಿಯಲ್ಲಿ ಆವಿಯಾಗಿ, ಕಲ್ಲಿನ ಪುಡಿಯನ್ನು ಮೊದಲೇ ಕಾಯಿಸುವ ಪ್ರಿಹೀಟರಿನ ತಂಪು ಸೈಕ್ಲೋನಿಗೆ (ಪುಡಿ ಸುತ್ತಿ ಇಳಿಯುವ ಕೋಶ) ಬಂದು ಕ್ಷಾರದ ಜೊತೆ ಗೋಡೆಗೆ ಅಂಟುತ್ತದೆ. ಪದರ ದಪ್ಪಗಾಗಿ ಕೊಳವೆ ಕಟ್ಟಿಕೊಂಡರೆ ಕಿಲ್ನ್ ನಿಲ್ಲಿಸಬೇಕು, ಬಿಸಿ ಪುಡಿಯ ಎದುರು ನಿಂತು ಜನ ಅದನ್ನು ಕೆರೆಯಬೇಕು. ಚಾಕಣದಲ್ಲಿ ಡ್ರಮ್ಮಿಗೆ ಚೀಟಿ ಅಂಟಿಸುವವನಿಗೆ ಈ ಕೆರೆಯುವ ಕೆಲಸವನ್ನು ಒಮ್ಮೆ ತೋರಿಸಿ ತಂದರೆ ಚೆನ್ನ.