ಬಟನ್ ಒತ್ತಿದರೆ ಏನೂ ಆಗಲ್ಲ

ದಾವಣಗೆರೆಯಿಂದ ಬೆಳಗಿನ ಜಾವದ ರೈಲು ಹಿಡಿದು, ಮಕ್ಕಳನ್ನು ಕಟ್ಟಿಕೊಂಡು ದೊಡ್ಡ ಊರಿನ ಹೊಸ ವಿಜ್ಞಾನ ಕೇಂದ್ರ ನೋಡೋಕೆ ಹೋಗಿದ್ದೆವು. ಕಟ್ಟಡ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಗಾಜು, ಎಸಿ, ಸೆಲ್ಫಿಗೆ ಅಂತಲೇ ಒಂದು ಮೂಲೆ. ಆದರೆ ಒಳಗೆ ಬಟನ್ ಒತ್ತಿದರೆ ಅರ್ಧಕ್ಕರ್ಧ ಕೆಲಸ ಮಾಡಲ್ಲ ಕಣ್ರೀ! 'ದುರಸ್ತಿಯಲ್ಲಿದೆ' ಅನ್ನೋ ಚೀಟಿಗಳೇ ಹಳದಿ ತಿರುಗಿವೆ.

ಹೊಟ್ಟೆ ಉರಿದಿದ್ದು ಮಾತ್ರ ಫೂಕೋ ಲೋಲಕ ನೋಡಿ. 1851ರಲ್ಲಿ ಪ್ಯಾರಿಸ್‌ನಲ್ಲಿ ಫೂಕೋ ಅನ್ನೋ ವಿಜ್ಞಾನಿ 67 ಮೀಟರ್ ತಂತಿಗೆ ಭಾರದ ಗುಂಡು ತೂಗುಹಾಕಿ, ಭೂಮಿ ತಿರುಗುವುದನ್ನು ಜನರ ಕಣ್ಣಿಗೇ ತೋರಿಸಿದ ಪ್ರಯೋಗ ಅದು. ಭೂಮಿ ತಿರುಗೋದರಿಂದ ಗುಂಡು ತೂಗುವ ದಿಕ್ಕು ಮೆಲ್ಲಗೆ ತಿರುಗಿದ ಹಾಗೆ ಕಾಣುತ್ತೆ; ಅದು ಪೂರ್ತಿ ಒಂದು ಸುತ್ತು ಬರೋಕೆ ಅಲ್ಲಿ ಸುಮಾರು 32 ಗಂಟೆ ಬೇಕು, ಸಮಭಾಜಕಕ್ಕೆ ಹತ್ತಿರ ಇರುವ ನಮ್ಮ ದಾವಣಗೆರೆಯಲ್ಲಾದರೆ ಹೆಚ್ಚುಕಮ್ಮಿ ನಾಲ್ಕು ದಿನ. ಇದನ್ನೆಲ್ಲ ದಾರಿಯುದ್ದಕ್ಕೂ ಮಗಳಿಗೆ ಹೇಳಿಕೊಂಡು ಹೋದರೆ, ಅಲ್ಲಿ ಗುಂಡಿಗೆ ಪ್ಲಾಸ್ಟಿಕ್ ಹಗ್ಗ ಬಿಗಿದು ಎಮ್ಮೆ ಕಟ್ಟಿದ ಹಾಗೆ ಕಂಬಕ್ಕೆ ಕಟ್ಟಿದ್ದಾರೆ. ಕೇಳಿದರೆ 'ಮಕ್ಕಳು ಮುಟ್ತಾರೆ ಸಾರ್' ಅಂತೆ. ಮುಟ್ಟದೆ ಇನ್ನೇನು, ಊದುಬತ್ತಿ ಹಚ್ಚಬೇಕಾ?

ಇದರ ಮಧ್ಯೆ ನಮ್ಮ ಮಂಡಕ್ಕಿ ಡಬ್ಬಿಯನ್ನು ಗೇಟಲ್ಲೇ ಇಸ್ಕೊಂಡರು. ಒಳಗಿನ ಕ್ಯಾಂಟೀನಿನ ತಣ್ಣನೆ ಸಮೋಸ ಟಿಕೆಟ್‌ಗಿಂತ ದುಬಾರಿ. ರಿಪೇರಿಗೆ ದುಡ್ಡಿಲ್ಲ ಅಂದಿದ್ದರೆ ನಂಬಬಹುದಿತ್ತು, ಹೊರಗಡೆ ನೋಡಿದರೆ ಸಂಗೀತ ಕಾರಂಜಿಗೆ ಅಂತ ಹೊಸದಾಗಿ ಗುಂಡಿ ಅಗೀತಾ ಇದ್ದಾರೆ!